ಒಂದೇ ತಟ್ಟೆ, ಮೂರು ಸುತ್ತು ಕಾಫಿ: ಇಥಿಯೋಪಿಯಾದಲ್ಲಿ ತಿಂದದ್ದು, ಕುಡಿದದ್ದು

ಊಟ-ತಿಂಡಿಗಾಗಿಯೇ ಒಂದು ದೇಶಕ್ಕೆ ಹೋಗಬೇಕು, ಎಲ್ಲಿಗೆ ಹೋಗೋಣ ಅಂತ ಯಾರಾದರೂ ಕೇಳಿದರೆ ನಾನು ಇಥಿಯೋಪಿಯಾ ಹೆಸರು ಹೇಳುತ್ತೇನೆ. ಕನ್ನಡದವರು ಕೇಳಿದರಂತೂ ಎರಡನೇ ಹೆಸರು ಯೋಚಿಸುವುದೇ ಇಲ್ಲ. ನಾವು ಬೆಳೆಯುವ, ಕುಡಿಯುವ ಅರೇಬಿಕಾ ಕಾಫಿಯ ತವರು ಅಲ್ಲಿನ ಕಾಡು. ರಾಗಿಯನ್ನು ಮೊದಲು ಬೆಳೆಯಾಗಿ ಸಾಗುವಳಿ ಮಾಡಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನ ರೈತರು. ಸಸ್ಯಾಹಾರಿಗಳು ಹೊಟ್ಟೆ ತುಂಬ ತಿನ್ನಬಹುದಾದ ದೇಶ ಬೇರೆ. ನಮ್ಮವರು ಯುರೋಪ್, ಥಾಯ್ಲೆಂಡ್ ಅಂತ ಹೋಗಿ ರೆಡಿಮೇಡ್ ಉಪ್ಪಿಟ್ಟಿನ ಪ್ಯಾಕೆಟ್ ಒಡೆಯುವುದನ್ನು ನೋಡಿದಾಗಲೆಲ್ಲ ಇದನ್ನು ಹೇಳಬೇಕು ಅನ್ನಿಸುತ್ತದೆ.

ನವೆಂಬರ್ ಮೊದಲ ಭಾಗದಲ್ಲಿ ನಾನು, ಅಕ್ಕ ಹೋಗಿದ್ದೆವು. ನಾವು ಹಾಸನ ಕಡೆಯವರು. ಅಕ್ಕ ಮಾಂಸ ಬಿಟ್ಟು ಬಹಳ ವರ್ಷಗಳಾದವು. ನಾನು ಕೋಳಿ, ಕುರಿ ತಿನ್ನುತ್ತೇನೆ. ಹಾಗಾಗಿ ಎರಡೂ ಕಡೆಯ ಊಟದ ಬಗ್ಗೆ ಇಲ್ಲಿ ಬರೆಯಲು ಸಾಧ್ಯವಾಗಿದೆ.

ಮಂಗಳವಾರ, ಅಡಿಸ್ ಅಬಾಬಾ

ಮುಂಬೈಯಿಂದ ಅಡಿಸ್ ಅಬಾಬಾಗೆ ನೇರ ವಿಮಾನ ಇದೆ. ಊರು 2,300 ಮೀಟರಿಗಿಂತ ಎತ್ತರದಲ್ಲಿದೆ. ಬಿಸಿಲು ಚುರುಕು, ನೆರಳಿಗೆ ಬಂದರೆ ಸ್ವೆಟರ್ ಬೇಕು. ಮೊದಲ ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಆರಾಮಾಗಿ ಕೂತು ತಿನ್ನುವುದಕ್ಕೆ ಅದೇ ಒಳ್ಳೆಯ ನೆಪ.

ಲಗೇಜು ಇಟ್ಟ ಕೂಡಲೇ ಟೊಮೋಕಾಗೆ ಹೋದೆವು. 1953ರಿಂದ ನಡೆಯುತ್ತಿರುವ ಕಾಫಿ ಅಂಗಡಿ ಅದು. ಈಗ ಊರಿನಲ್ಲಿ ಹಲವು ಕಡೆ ಇದೆ. ಎತ್ತರದ ಮೇಜುಗಳ ಸುತ್ತ ಜನ ನಿಂತುಕೊಂಡೇ ಕುಡಿಯುತ್ತಾರೆ. ಅಲ್ಲಿ ಕೇಳಬೇಕಾದದ್ದು ಮಾಕಿಯಾಟೊ. 1936ರಿಂದ 1941ರವರೆಗೆ ಇಟಲಿಯವರು ಈ ದೇಶವನ್ನು ಆಕ್ರಮಿಸಿಕೊಂಡಿದ್ದರು. ಅವರು ಹೋದರು, ಎಸ್ಪ್ರೆಸೊ ಯಂತ್ರ ಉಳಿಯಿತು. ಚಿಕ್ಕ ಗಾಜಿನ ಲೋಟದಲ್ಲಿ ಗಟ್ಟಿ ಡಿಕಾಕ್ಷನ್, ಮೇಲೆ ಒಂದಿಷ್ಟೇ ಹಾಲಿನ ನೊರೆ. ಕಹಿ ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಅಕ್ಕ ಖಾಲಿ ಲೋಟದ ವಾಸನೆ ನೋಡಿ, "ಚಿಕೋರಿ ಒಂದು ಚೂರೂ ಇಲ್ಲ ಕಣೋ" ಅಂದಳು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿನವರ ಗಡಿಯಾರ ಸೂರ್ಯ ಹುಟ್ಟುವ ಹೊತ್ತಿನಿಂದ ಶುರುವಾಗುತ್ತದೆ. ನಮ್ಮ ಬೆಳಗಿನ 8 ಗಂಟೆ ಅವರಿಗೆ 2 ಗಂಟೆ. ಊಟಕ್ಕೆ, ಕಾರಿಗೆ ಸಮಯ ಹೇಳುವಾಗ ಯಾರ ಲೆಕ್ಕದ ಗಂಟೆ ಅಂತ ಕೇಳಿಕೊಳ್ಳಿ.

ರಾತ್ರಿ ನನಗೆ ದೋರೊ ವೊಟ್. ಹಬ್ಬಕ್ಕೆ, ನೆಂಟರು ಬಂದಾಗ ಮಾಡುವ ಕೋಳಿ ಸಾರು. ಇದರ ಗುಟ್ಟೆಲ್ಲ ಈರುಳ್ಳಿಯಲ್ಲಿದೆ. ರಾಶಿ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಎಣ್ಣೆ ಹಾಕದೆ, ಸುಮ್ನೆ ಒಣ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸುತ್ತಾರೆ. ಅದು ಕರಗಿ ಮುದ್ದೆಯಾಗುವವರೆಗೆ ಕೈಯಾಡಿಸುತ್ತಲೇ ಇರಬೇಕು. ಆಮೇಲೆ ಬೆರ್ಬೆರೆ ಖಾರದ ಪುಡಿ, ಆಮೇಲೆ ನಿತೆರ್ ಕಿಬೆ, ಅಂದರೆ ಮೆಂತ್ಯ, ಅರಿಸಿನ, ಏಲಕ್ಕಿ ಜಾತಿಯ ಕೊರೆರಿಮಾ, ಇನ್ನೂ ಏನೇನೋ ಸೊಪ್ಪು ಹಾಕಿ ಕಾಯಿಸಿದ ತುಪ್ಪ. ಕೋಳಿ ಕೊನೆಗೆ. ಪೂರ್ತಿ ಕೋಳಿಯನ್ನು 12 ತುಂಡು ಮಾಡುವುದು ಪದ್ಧತಿ, ಜೊತೆಗೆ ಬೇಯಿಸಿದ ಮೊಟ್ಟೆ. ಸಾರು ಕಡುಗೆಂಪು. ಖಾರ ನಿಧಾನಕ್ಕೆ ಏರುತ್ತದೆ. ನಮ್ಮ ಕಡೆ ಎರಡು ವಿಷಲ್ ಕೂಗಿಸಿ ಇಳಿಸುವ ಕೋಳಿ ಸಾರಿಗೆ ಈ ರುಚಿ ಬರುವುದಿಲ್ಲ, ಅಷ್ಟು ಹೊತ್ತು ಒಲೆಯ ಮುಂದೆ ನಿಂತವರಿಗೇ ಸಲ್ಲುವ ರುಚಿ ಅದು.

ಬುಧವಾರ, ಅಡಿಸ್ ಅಬಾಬಾ

ಅಕ್ಕನ ದಿನ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಾರೆ. ಉಪವಾಸ ಅಂದರೆ ಮಾಂಸ, ಮೊಟ್ಟೆ ಮಾತ್ರ ಅಲ್ಲ, ಹಾಲು, ಬೆಣ್ಣೆ, ತುಪ್ಪವೂ ಇಲ್ಲ. ಈಸ್ಟರ್‌ಗೆ ಮುಂಚಿನ 55 ದಿನ ಇದೇ ಕ್ರಮ. ಎಲ್ಲ ಸೇರಿದರೆ ವರ್ಷದಲ್ಲಿ ಅರ್ಧದಷ್ಟು ದಿನ ಹೀಗೇ ಊಟ ಮಾಡುವವರು ಬಹಳ ಜನ. ಹಾಗಾಗಿ ಎಂಥ ಸಣ್ಣ ಹೋಟೆಲಿಗೆ ಹೋದರೂ ಉಪವಾಸ ಅನ್ನುವ ಅರ್ಥದ "ತ್ಸೋಮ್" ಪದ ಹೇಳಿದರೆ ಸಾಕು. "ಇದರಲ್ಲಿ ಮೀನಿನ ಸಾಸ್ ಇದೆಯಾ, ಮೊಟ್ಟೆ ಇದೆಯಾ" ಅಂತ ಪ್ರಶ್ನೆ ಕೇಳುತ್ತಾ ಕೂರಬೇಕಿಲ್ಲ.

ಮಧ್ಯಾಹ್ನ ಬೆಯಾಯ್ನೆತು, ಅಂದರೆ ಬಗೆಬಗೆಯ ಪಲ್ಯ, ಸಾರು ಒಟ್ಟಿಗೆ ಬರುವ ಊಟ ತರಿಸಿದೆವು. ಅದಕ್ಕೆ ಮೊದಲು ಒಬ್ಬ ಹುಡುಗ ಚೊಂಬು, ಬೋಗುಣಿ ಹಿಡಿದು ಬಂದು ಕೈಗೆ ನೀರು ಹಾಕಿದ. ಆಮೇಲೆ ಬುಟ್ಟಿಯಂತೆ ಹೆಣೆದ ಮೆಸೊಬ್ ಮೇಜಿನ ಮೇಲೆ ಅಗಲವಾದ ತಟ್ಟೆ ಬಂತು. ಇಬ್ಬರಿಗೂ ಅದೊಂದೇ. ತಟ್ಟೆ ತುಂಬ ಇಂಜೆರಾ, ಅಂದರೆ ಹುಳಿ ದೋಸೆಯಂಥ ಅಗಲದ ರೊಟ್ಟಿ ಹಾಸಿ, ಅದರ ಮೇಲೆ ಗುಡ್ಡೆ ಗುಡ್ಡೆಯಾಗಿ ಪಲ್ಯ, ಸಾರು. ಮಧ್ಯದಲ್ಲಿ ಕುದಿಯುತ್ತಿದ್ದ ಶಿರೊ. ಅದು ಕಡಲೆ ಹಿಟ್ಟಿಗೆ ಬೆರ್ಬೆರೆ, ಬೆಳ್ಳುಳ್ಳಿ ಹಾಕಿ ಮಾಡಿದ ಗಟ್ಟಿ ಗೊಜ್ಜು. ಸುತ್ತ ಕೆಂಪು ಮೈಸೂರು ಬೇಳೆಯ ಮಿಸಿರ್ ವೊಟ್, ಖಾರವಿಲ್ಲದ ಅರಿಸಿನದ ಬಟಾಣಿ ಬೇಳೆ, ಗೊಮೆನ್ ಸೊಪ್ಪು, ಎಲೆಕೋಸು-ಕ್ಯಾರೆಟ್, ಬೀಟ್‌ರೂಟ್, ಸಾಸಿವೆ ಹಾಕಿ ತಣ್ಣಗೆ ಕಲಸಿದ ಹಸಿರು ಮಸೂರದ ಅಜಿಫಾ. ಬಲಗೈಯಿಂದ ಇಂಜೆರಾ ಹರಿದು, ಪಲ್ಯ ಸುತ್ತಿ ಬಾಯಿಗೆ. ಬೆರಳಿಗೆ ಸಾರು ಮೆತ್ತಿಕೊಳ್ಳುವುದಿಲ್ಲ, ಇಂಜೆರಾವೇ ಹೀರಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ತಳದಲ್ಲಿ ಆರೇಳು ಬಗೆಯ ಸಾರು ಕುಡಿದು ಮೆತ್ತಗಾದ ಇಂಜೆರಾ ಉಳಿಯುತ್ತದಲ್ಲ, ಅದನ್ನು ಬಿಟ್ಟು ಏಳಬೇಡಿ. ಊಟದ ಅತಿ ರುಚಿಯ ಭಾಗ ಅದೇ.

ಹೊಟ್ಟೆ ತುಂಬಿದ ಮೇಲೆ ಅಕ್ಕ ಅಡುಗೆಮನೆ ನೋಡಬೇಕು ಅಂದಳು. ಒಡತಿ ನಗುತ್ತ ಕರೆದುಕೊಂಡು ಹೋದರು. ಟೆಫ್ ಅನ್ನುವ ಧಾನ್ಯದ ಹಿಟ್ಟನ್ನು ಹಳೆಯ ಹಿಟ್ಟಿನ ಹುಳಿನೀರು ಹಾಕಿ ಎರಡು-ಮೂರು ದಿನ ಹುಳಿ ಬರಿಸುತ್ತಾರೆ. ಆಮೇಲೆ ಅದರಲ್ಲೇ ಸ್ವಲ್ಪ ತೆಗೆದು ಗಂಜಿ ಕಾಯಿಸಿ ವಾಪಸ್ ಬೆರೆಸುತ್ತಾರೆ. ಇಂಜೆರಾ ಹರಿಯದೆ ಮೆತ್ತಗೆ ನಿಲ್ಲುವುದು ಈ ಗಂಜಿಯಿಂದ. ಕಾವಲಿ ದೊಡ್ಡದು, ಮಣ್ಣಿನದು, ಹೆಸರು ಮಿತಾದ್. ನಾವು ದೋಸೆ ಹಿಟ್ಟನ್ನು ಮಧ್ಯದಲ್ಲಿ ಸುರಿದು ಹೊರಕ್ಕೆ ತಿರುವುತ್ತೇವೆ. ಆಕೆ ಅಂಚಿನಿಂದ ಶುರು ಮಾಡಿ ತೆಳ್ಳಗೆ ಸುತ್ತುತ್ತಾ ಒಳಕ್ಕೆ ಬಂದರು. ಕೈ ಎಲ್ಲೂ ನಿಲ್ಲಲಿಲ್ಲ. ಕ್ಷಣದಲ್ಲಿ ಮೇಲೆಲ್ಲ ಕಣ್ಣು ಕಣ್ಣು ಒಡೆದವು. ಮುಚ್ಚಳ ಮುಚ್ಚಿದರು. ತೆಗೆದಾಗ ಅಂಚು ತಾನಾಗಿ ಎದ್ದಿತ್ತು. ಮಗುಚಲಿಲ್ಲ. ಹುಲ್ಲಿನ ಚಾಪೆಯೊಂದನ್ನು ಅಡಿಗೆ ತೂರಿಸಿ ಇಡೀ ಇಂಜೆರಾವನ್ನು ಎಳೆದುಕೊಂಡರು. ಅಕ್ಕನಿಗೂ ಒಂದು ಹುಯ್ಯಲು ಕೊಟ್ಟರು. ಆಕಾರ ಸ್ವಲ್ಪ ಸೊಟ್ಟ ಬಂತು, ಕಣ್ಣು ಮಾತ್ರ ಚೆನ್ನಾಗಿ ಒಡೆದಿದ್ದವು. ಒಡತಿ ಅದರ ತುಂಡಿಗೆ ಶಿರೊ ಸುತ್ತಿ ತಮ್ಮ ಕೈಯಿಂದಲೇ ಅಕ್ಕನ ಬಾಯಿಗಿಟ್ಟರು. ಗುರ್ಶಾ ಅನ್ನುವ ಈ ಪದ್ಧತಿ ಅಲ್ಲಿ ಎಲ್ಲೆಲ್ಲೂ ಇದೆ. ನೆಂಟರು, ಗೆಳೆಯರು ಒಬ್ಬರಿಗೊಬ್ಬರು ತುತ್ತು ತಿನ್ನಿಸುತ್ತಾರೆ. ಬೇಡ ಅನ್ನಬಾರದು. ಬಾಯಿ ದೊಡ್ಡದಾಗಿ ತೆರೆಯಿರಿ, ತುತ್ತು ಸಣ್ಣದಿರುವುದಿಲ್ಲ.

ಸಂಜೆ ಮೆರ್ಕಾಟೊ ಮಾರುಕಟ್ಟೆ. ಆಫ್ರಿಕಾದ ಅತಿ ದೊಡ್ಡ ಬಯಲು ಮಾರುಕಟ್ಟೆಗಳಲ್ಲಿ ಒಂದು. ಧಾನ್ಯದ ಸಾಲಿನಲ್ಲಿ ಬಿಳಿ ಟೆಫ್, ಕೆಂಪು ಟೆಫ್ ಚೀಲಗಳು. ಟೆಫ್ ಕಾಳು ಎಷ್ಟು ಸಣ್ಣದು ಅಂದರೆ ರಾಗಿಯೂ ಅದರ ಮುಂದೆ ದಪ್ಪ ಕಾಣುತ್ತದೆ. ಹಾಗೆ ಕಂಡದ್ದು ಪಕ್ಕದಲ್ಲೇ ರಾಗಿ ಚೀಲವೂ ಇದ್ದದ್ದರಿಂದ. ಅಲ್ಲಿ ಅದು ದಗುಸಾ. ಇಂಜೆರಾ ಹಿಟ್ಟಿಗೂ ಬೆರೆಸುತ್ತಾರೆ, ತೆಲ್ಲಾ ಅನ್ನುವ ಮನೆಯ ಬಿಯರಿಗೂ ಹಾಕುತ್ತಾರೆ. ಅಕ್ಕ ಅಂಗೈಗೆ ಹಾಕಿಕೊಂಡು ಉಜ್ಜಿ ಊದಿದಳು. ಅಂಗಡಿಯವನಿಗೆ ಅಷ್ಟರಲ್ಲೇ ಗೊತ್ತಾಯಿತು, ಇವರ ಮನೆಯಲ್ಲೂ ಇದಿದೆ ಅಂತ.

ರಾತ್ರಿ ಒಂದು ತೆಜ್ ಬೆತ್‌ಗೆ ಹೋದೆವು. ತೆಜ್ ಅಂದರೆ ಜೇನಿನಿಂದ ಮಾಡುವ ಮದ್ಯ. ಜೇನು, ನೀರಿಗೆ ಗೆಶೊ ಅನ್ನುವ ಗಿಡದ ಕಡ್ಡಿ, ಎಲೆ ಹಾಕಿ ಹುಳಿಯಲು ಬಿಡುತ್ತಾರೆ. ಗೆಶೊದಿಂದ ಬರುವ ಕಹಿ ಇಲ್ಲದಿದ್ದರೆ ಅದು ಬರೀ ಸಿಹಿ. ಹೊಟ್ಟೆ ದುಂಡಗೆ, ಕತ್ತು ಉದ್ದವಾಗಿರುವ ಬೆರೆಲೆ ಅನ್ನುವ ಗಾಜಿನ ಕೂಜದಲ್ಲೇ ಕುಡಿಯುವುದು. ಬಣ್ಣ ಮೋಡ ಕವಿದ ಹಳದಿ. ಸಿಹಿ, ಮಧ್ಯಮ, ಗಡುಸು ಅಂತ ಬಗೆಗಳಿವೆ, ಮಧ್ಯಮ ಕೇಳಿ. ಬೇಗ ತಲೆಗೆ ಏರುತ್ತದೆ, ಆದ್ದರಿಂದ ಒಂದು ಕೂಜ ಸಾಕು. ಮದ್ಯ ಬೇಡದವರಿಗೆ ಹುಳಿಯದ ಜೇನುನೀರು ಬೆರ್ಜ್ ಇದೆ. ಅಕ್ಕ ಅದನ್ನು ಕುಡಿದಳು.

ಗುರುವಾರ, ಹರಾರ್

ಬೆಳಿಗ್ಗೆ ವಿಮಾನದಲ್ಲಿ ದಿರೆ ದಾವಾ, ಅಲ್ಲಿಂದ ಕಾರಿನಲ್ಲಿ ಹರಾರ್. ದಾರಿಯುದ್ದಕ್ಕೂ ಖಾತ್ ಎಲೆಯ ವ್ಯಾಪಾರ. ಅಮಲಿಗಾಗಿ ಜಗಿಯುವ ಎಲೆ ಅದು. ಕಾಫಿ ಗಿಡ ಕಿತ್ತು ಖಾತ್ ಹಾಕುವ ರೈತರ ಸಂಖ್ಯೆ ಇಲ್ಲಿ ಜಾಸ್ತಿಯಾಗುತ್ತಿದೆ. ಅದು ದಿನಾ ದುಡ್ಡು ತರುತ್ತದೆ, ಕಾಫಿ ವರ್ಷಕ್ಕೊಮ್ಮೆ. ಬೆಳೆಗಾರನ ಕಷ್ಟ ಅರ್ಥವಾಗುತ್ತದೆ, ಆದರೂ ಹರಾರ್ ಕಾಫಿ ಕುಡಿದವರಿಗೆ ಹೊಟ್ಟೆ ಉರಿಯದೆ ಇರುವುದಿಲ್ಲ.

ಹರಾರ್ ಕೋಟೆಯೊಳಗಿನ ಹಳೆಯ ಮುಸ್ಲಿಂ ಪಟ್ಟಣ. ಗೋಡೆ 16ನೇ ಶತಮಾನದ್ದು, ಹಳೆಯ ಬಾಗಿಲು ಐದು, ಒಳಗೆ ನೂರಾರು ಓಣಿ. 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಒಂದು ಓಣಿಯ ಹೆಸರು ಮಕಿನಾ ಗಿರ್ಗಿರ್. ಸಾಲಾಗಿ ಕೂತ ದರ್ಜಿಗಳ ಹೊಲಿಗೆ ಯಂತ್ರದ ಸದ್ದೇ ಹೆಸರಾಗಿದೆ. ಫ್ರೆಂಚ್ ಕವಿ ರಿಂಬೊ ಬರೆಯುವುದನ್ನು ಬಿಟ್ಟು 1880ರಲ್ಲಿ ಇಲ್ಲಿಗೆ ಬಂದು ಕಾಫಿ ವ್ಯಾಪಾರ ಮಾಡಿದ. ಅವನ ಹೆಸರಿನ ಮ್ಯೂಸಿಯಂ ಇರುವ ಮರದ ಮನೆ ಕಟ್ಟಿಸಿದ್ದು ಭಾರತದ ಒಬ್ಬ ವ್ಯಾಪಾರಿ ಎನ್ನುತ್ತಾರೆ.

ಇಲ್ಲಿ ಕುಡಿಯಬೇಕಾದದ್ದು ಕಾಫಿ ಬೀಜದ ಕಾಫಿ ಮಾತ್ರ ಅಲ್ಲ. ಒಣಗಿದ ಹಣ್ಣಿನ ಸಿಪ್ಪೆಯನ್ನು ಕುದಿಸಿದ ಪೇಯವೂ ಇದೆ, ಎಲೆಯನ್ನು ಹುರಿದು ಕುದಿಸಿ ಹಾಲು, ಉಪ್ಪು ಹಾಕುವ ಕುಟಿಯೂ ಇದೆ. ಒಳ್ಳೆಯ ಬೀಜ ಮಾರಾಟಕ್ಕೆ, ಸಿಪ್ಪೆ, ಎಲೆ ಮನೆಗೆ ಅನ್ನುವುದು ಹಳೆಯ ರೂಢಿ. ಸಿಪ್ಪೆಯ ಪೇಯ ತಿಳಿ ಕಂದು ಬಣ್ಣ, ಒಣದ್ರಾಕ್ಷಿ ನೆನೆಸಿದ ನೀರಿನ ಸಿಹಿ. ಕುಟಿಗೆ ಉಪ್ಪು ಇರುವುದರಿಂದ ಮೊದಲ ಗುಟುಕಿಗೆ ಸಾರು ಕುಡಿದ ಹಾಗಾಗುತ್ತದೆ, ಮೂರನೆಯದಕ್ಕೆ ಹಿಡಿಸುತ್ತದೆ. ನಮ್ಮ ಕಡೆ ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಅಕ್ಕ ಎರಡು ಲೋಟ ಕುಡಿದು, "ಹಣ್ಣನ್ನು ಹಾಗೇ ಒಣಗಿಸಿ ಚೆರ್ರಿ ಮಾಡಿದಾಗ ಸಿಪ್ಪೆ ಎತ್ತಿಡಬಹುದಲ್ವಾ" ಅಂತ ಯೋಚನೆಗೆ ಬಿದ್ದಳು.

ಹರಾರ್ ಬೀಜವನ್ನೂ ಹಾಗೇ, ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿಯೇ ಮಾಡುತ್ತಾರೆ. ಅದರಿಂದಲೇ ಅದಕ್ಕೆ ಹಣ್ಣಿನ, ದ್ರಾಕ್ಷಾರಸದ ಪರಿಮಳ. ಈ ಭಾಗದ ಕಾಫಿ ಕೆಂಪು ಸಮುದ್ರ ದಾಟಿ ಯೆಮನ್‌ನ ಮೋಖಾ ಬಂದರಿಗೆ ಹೋಗುತ್ತಿತ್ತು. ಯೆಮನ್‌ನಲ್ಲಿ ಬೆಳೆಯುವ ಗಿಡಗಳ ಮೂಲವೂ ಇಥಿಯೋಪಿಯಾವೇ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅದೇ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಅನ್ನುವ ಕಥೆ ನಮಗೆಲ್ಲ ಬಾಯಿಪಾಠ. ಹರಾರ್‌ನ ಓಣಿಯಲ್ಲಿ ಹುರಿಯುವ ಕಾಫಿಯ ಹೊಗೆ ಮುಖಕ್ಕೆ ಬಡಿದಾಗ ಆ ಕಥೆಯ ಮೊದಲ ಭಾಗ ಇಲ್ಲಿತ್ತು ಅಂತ ಮೈ ಜುಮ್ಮೆಂದಿತು.

ಶುಕ್ರವಾರ, ಹರಾರ್

ಬೆಳಗಿನ ತಿಂಡಿ ಫತೀರಾ. ತೆಳ್ಳಗೆ ಎಳೆದ ಮೈದಾ ಹಾಳೆಯೊಳಗೆ ಮೊಟ್ಟೆ ಮಡಿಚಿ ಬೇಯಿಸುತ್ತಾರೆ, ಮೇಲೆ ಜೇನು. ಅಕ್ಕನಿಗೆ ಫುಲ್, ಅಂದರೆ ಬೇಯಿಸಿ ಕಿವುಚಿದ ದೊಡ್ಡ ಅವರೆ ಜಾತಿಯ ಕಾಳು, ಹಸಿ ಈರುಳ್ಳಿ, ಮೆಣಸಿನಕಾಯಿ, ಬನ್ನಿನಂಥ ಬ್ರೆಡ್. ಮಾರುಕಟ್ಟೆಯಲ್ಲಿ ಬಣ್ಣ ಬಣ್ಣದ ಬಟ್ಟೆಯ ಒರೊಮೊ ಹೆಂಗಸರು ಒಂಟೆ ಹಾಲು ಮಾರುತ್ತಾರೆ. ಹೊಗೆ ಹಾಕಿದ ಪಾತ್ರೆಯಲ್ಲಿ ತರುವುದರಿಂದ ಹಾಲಿಗೂ ಹೊಗೆಯ ವಾಸನೆ. ನನಗೆ ಅಷ್ಟಾಗಿ ಹಿಡಿಸಲಿಲ್ಲ.

ರಾತ್ರಿ ಊರ ಹೊರಗೆ ಕತ್ತೆಕಿರುಬಗಳಿಗೆ ಮಾಂಸ ತಿನ್ನಿಸುವುದನ್ನು ಎಲ್ಲ ಪ್ರವಾಸಿಗರೂ ನೋಡುತ್ತಾರೆ, ನಾವೂ ನೋಡಿದೆವು. ಅದಕ್ಕಿಂತ ನನಗೆ ಇಷ್ಟವಾದದ್ದು ಊರಿನವರು ಹೇಳಿದ ಇನ್ನೊಂದು ಪದ್ಧತಿ. ಮೊಹರಂ ತಿಂಗಳ ಅಶುರಾ ದಿನ ಕತ್ತೆಕಿರುಬಗಳಿಗೆ ಬೆಣ್ಣೆ ಹಾಕಿದ ಗಂಜಿ ಇಡುತ್ತಾರೆ. ಅವು ಚೆನ್ನಾಗಿ ತಿಂದರೆ ಊರಿಗೆ ಒಳ್ಳೆಯ ವರ್ಷ.

ಶನಿವಾರ

ಪ್ರಯಾಣದಲ್ಲೇ ಹೋಯಿತು. ದಿರೆ ದಾವಾದಿಂದ ಅಡಿಸ್, ಅಡಿಸ್‌ನಿಂದ ಇನ್ನೊಂದು ವಿಮಾನದಲ್ಲಿ ಜಿಮ್ಮಾ. ನಡುವೆ ಸಿಕ್ಕ ಬಿಡುವಿನಲ್ಲಿ ಸ್ಪ್ರಿಸ್ ಕುಡಿದೆವು. ಕುಡಿದೆವು ಅನ್ನುವುದಕ್ಕಿಂತ ಚಮಚದಲ್ಲಿ ತಿಂದೆವು ಅನ್ನಬೇಕು. ಬೆಣ್ಣೆ ಹಣ್ಣು, ಮಾವು, ಪರಂಗಿ ರಸಗಳನ್ನು ನೀರು ಹಾಕದೆ ಗಟ್ಟಿಯಾಗಿ ಪದರ ಪದರವಾಗಿ ಸುರಿದು, ಮೇಲೆ ನಿಂಬೆಹಣ್ಣು ಹಿಂಡಿಕೊಡುತ್ತಾರೆ. ಮಧ್ಯಾಹ್ನದ ಊಟವೇ ಬೇಡವಾಯಿತು.

ಭಾನುವಾರ, ಜಿಮ್ಮಾದಿಂದ ಬೊಂಗಾ

ಜಿಮ್ಮಾದಲ್ಲಿ ಚೆಚೆಬ್ಸಾ ತಿನ್ನದೆ ಹೊರಡಬೇಡಿ. ತೆಳು ರೊಟ್ಟಿಯನ್ನು ಚೂರು ಮಾಡಿ, ಮಸಾಲೆ ತುಪ್ಪ, ಬೆರ್ಬೆರೆ ಹಾಕಿ ಕಲಸಿ, ಪಕ್ಕದಲ್ಲಿ ಜೇನು ಇಡುತ್ತಾರೆ. ಖಾರ, ತುಪ್ಪ, ಸಿಹಿ ಮೂರೂ ಒಂದೇ ತುತ್ತಿನಲ್ಲಿ. ಪಕ್ಕದ ಮೇಜಿನವರು ಗೆನ್ಫೊ ತಿನ್ನುತ್ತಿದ್ದರು. ಬಾರ್ಲಿ ಹಿಟ್ಟಿನ ಮುದ್ದೆ, ನಡುವೆ ಗುಂಡಿ, ಗುಂಡಿಯಲ್ಲಿ ಕರಗಿದ ಮಸಾಲೆ ತುಪ್ಪ. ಬಾಣಂತಿ ನೋಡಲು ಬಂದವರಿಗೆ ಗೆನ್ಫೊ ಕೊಡುತ್ತಾರಂತೆ. ನಾವು ಹಾಸನದವರು, ಮುದ್ದೆ ಕಂಡ ಮೇಲೆ ಬಿಡುತ್ತೇವೆಯೇ? ಅದನ್ನೂ ತರಿಸಿದೆವು.

ಜಿಮ್ಮಾದಿಂದ ಬೊಂಗಾಗೆ ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ರಸ್ತೆ ಇಳಿದು ಗೊಜೆಬ್ ನದಿ ದಾಟಿ ಮತ್ತೆ ಹತ್ತಿದರೆ ಕಾಫಾ ಸೀಮೆ. 1897ರವರೆಗೆ ಇದೊಂದು ಸ್ವತಂತ್ರ ರಾಜ್ಯವಾಗಿತ್ತು. ಈಗ ಇಲ್ಲಿನ ಕಾಡು ಯುನೆಸ್ಕೊದ ಜೀವಗೋಳ ಮೀಸಲು ಪ್ರದೇಶ, 2010ರಿಂದ. ಬೊಂಗಾ ಊರಿನಲ್ಲಿ ರಾಷ್ಟ್ರೀಯ ಕಾಫಿ ಮ್ಯೂಸಿಯಂ ಇದೆ.

ಸಂಜೆ ಕಾಡಿನ ಜೇನು ಸಿಕ್ಕಿತು. ಮರದ ತುದಿಯಲ್ಲಿ ಉದ್ದನೆಯ ಕೊಳವೆಗಳನ್ನು ಅಡ್ಡ ಇಟ್ಟು ಜೇನು ಕೂರಿಸುತ್ತಾರೆ. ಕೆಲವು ಹೂವಿನ ಕಾಲದಲ್ಲಿ ಜೇನು ಬೆಳ್ಳಗೆ, ಗಟ್ಟಿಯಾಗಿ ಬರುತ್ತದೆ. ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನಿ, ಜೊತೆಗೆ ಅಂಬೊ ಕೇಳಿ. ಅಂಬೊ ಅನ್ನುವ ಊರಿನ ಖನಿಜ ನೀರು, ಗುಳ್ಳೆ ಗುಳ್ಳೆ, ಗಾಜಿನ ಬಾಟಲಿಯಲ್ಲಿ ಬರುತ್ತದೆ. ದೇಶದ ಯಾವ ಮೂಲೆಯಲ್ಲೂ ಸಿಗುತ್ತದೆ, ಹೊಟ್ಟೆಗೂ ಹಗುರ.

ಸೋಮವಾರ, ಮಂಕಿರಾ ಕಾಡು

ಇಷ್ಟು ದೂರ ಬಂದದ್ದೇ ಈ ದಿನಕ್ಕಾಗಿ. ಬೊಂಗಾದಿಂದ ಮಂಕಿರಾಗೆ ಮಣ್ಣಿನ ರಸ್ತೆ, ಆಮೇಲೆ ನಡಿಗೆ. ಕಾಫಿ ತೋಟದ ಸಾಲು ನೋಡಿ ಬೆಳೆದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ದೊಡ್ಡ ಮರ, ಬಳ್ಳಿ, ಪಾಚಿ, ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ಸುತ್ತ ನಿಂತಿರುವ ಸಣಕಲು ಗಿಡಗಳೆಲ್ಲ ಕಾಫಿಯೇ. ಯಾರೂ ನೆಟ್ಟದ್ದಲ್ಲ. ಬೆಳಕು ಹುಡುಕಿಕೊಂಡು ನಮ್ಮ ತಲೆಗಿಂತ ಎಷ್ಟೋ ಮೇಲೆ ಹೋಗಿವೆ. ಕೊಂಬೆ ಸವರುವ ಕಸಿ ಇಲ್ಲ, ಗೊಬ್ಬರ ಇಲ್ಲ. ಒಂದೊಂದು ರೆಕ್ಕೆಯಲ್ಲಿ, ಅಂದರೆ ಅಡ್ಡ ಕೊಂಬೆಯಲ್ಲಿ, ನಾಲ್ಕೈದು ಹಣ್ಣು. ಎಸ್ಟೇಟಿನವರು ನೋಡಿದರೆ ಇಳುವರಿ ಲೆಕ್ಕ ಹಾಕಿ ತಲೆ ಅಲ್ಲಾಡಿಸಿಯಾರು. ಆದರೆ ಲೋಕದ ಅರೇಬಿಕಾ ತಳಿಗಳಿಗೆಲ್ಲ ಬಂಡವಾಳ ಇಂಥ ಕಾಡುಗಳು. ನಾಳೆ ಎಲೆತುಕ್ಕು ರೋಗಕ್ಕೆ, ಬಿಸಿಲಿಗೆ ತಡೆಯುವ ತಳಿ ಬೇಕು ಅಂದರೆ ಹುಡುಕಿಕೊಂಡು ಬರಬೇಕಾದದ್ದು ಇಲ್ಲಿಗೇ. ಕಾಡಿನೊಳಗೆ ಬಹಳ ಹಳೆಯ ಗಿಡವೊಂದನ್ನು ಊರಿನವರು ತಾಯಿ ಗಿಡ ಅಂತ ತೋರಿಸುತ್ತಾರೆ. ಅಕ್ಕ ಚಪ್ಪಲಿ ಬಿಟ್ಟು ಹತ್ತಿರ ಹೋದಳು.

ಕೊಯ್ಲು ನಡೆಯುತ್ತಿತ್ತು. ಹೆಂಗಸರು ಗಿಡ ಬಗ್ಗಿಸಿ ಕೆಂಪು ಹಣ್ಣು ಮಾತ್ರ ಬಿಡಿಸುತ್ತಿದ್ದರು. ನಾನೂ ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಸಿಪ್ಪೆ ದಪ್ಪ, ಲೋಳೆ ಕಮ್ಮಿ, ಸಿಹಿ ಚೆನ್ನಾಗಿದೆ.

ಕಾಡಿನ ಅಂಚಿನ ಮನೆಯೊಂದರಲ್ಲಿ ಕಾಫಿಗೆ ಕೂರಿಸಿದರು. ನೆಲಕ್ಕೆ ಹಸಿ ಹುಲ್ಲು ಹರಡಿದ್ದರು. ಮನೆಯಾಕೆ ಹಸಿ ಬೀಜವನ್ನು ತೊಳೆದು, ಕೆಂಡದ ಮೇಲೆ ಚಪ್ಪಟೆ ಬಾಣಲೆಯಿಟ್ಟು ಹುರಿಯತೊಡಗಿದರು. ಬೀಜ ಹಸಿರಿನಿಂದ ಹಳದಿ, ಹಳದಿಯಿಂದ ಕಂದು. ಚಟಪಟ ಸಿಡಿದು ಎಣ್ಣೆ ಮಿನುಗಿದ ಮೇಲೆ ಬಾಣಲೆಯನ್ನು ನಮ್ಮೊಬ್ಬೊಬ್ಬರ ಮುಂದೆಯೂ ತಂದು ಹಿಡಿದರು. ಹೊಗೆಯನ್ನು ಕೈಯಿಂದ ಮುಖದ ಕಡೆ ಎಳೆದುಕೊಳ್ಳಬೇಕು. ಅಷ್ಟು ಮಾಡಿದ ಮೇಲೇ ಒರಳಿಗೆ ಹಾಕಿ ಕುಟ್ಟಿದ್ದು. ಪುಡಿ ಜೆಬೆನಾಗೆ ಹೋಯಿತು. ಜೆಬೆನಾ ಅಂದರೆ ಕಪ್ಪು ಮಣ್ಣಿನ ಹೂಜಿ, ಕತ್ತು ಉದ್ದ, ಹೊಟ್ಟೆ ಗುಂಡಗೆ. ಕುದಿದು ಉಕ್ಕಿದಾಗ ಇಳಿಸಿ ಓರೆಯಾಗಿಟ್ಟು ಗಸಿ ತಂಗಲು ಬಿಟ್ಟರು. ಆ ಹೊತ್ತಿಗೆ ಕೆಂಡಕ್ಕೆ ಧೂಪ ಬಿತ್ತು. ಪಾಪ್‌ಕಾರ್ನ್, ಹುರಿದ ಬಾರ್ಲಿಯ ಕೊಲೊ ತಟ್ಟೆಗೆ ಬಂದವು.

ಹಿಡಿಯಿಲ್ಲದ ಪುಟ್ಟ ಸಿನಿ ಬಟ್ಟಲುಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಆಕೆ ಹೂಜಿಯನ್ನು ಎತ್ತರಕ್ಕೆ ಎತ್ತಿ ಒಂದೇ ಧಾರೆಯಲ್ಲಿ ಎಲ್ಲ ಬಟ್ಟಲಿಗೂ ಸುರಿದರು. ಮೊದಲ ಸುತ್ತಿಗೆ ಅಬೊಲ್ ಅನ್ನುತ್ತಾರೆ. ಗಟ್ಟಿ, ಕಪ್ಪು, ಕುಡಿದ ಕೂಡಲೇ ಕಿವಿ ಬಿಸಿಯಾಗುವಷ್ಟು. ಅದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸಿದ್ದು ತೋನಾ. ಮೂರನೆಯದು ಬೆರೆಕಾ, ತೆಳ್ಳಗೆ, ಮೆತ್ತಗೆ. ಆಶೀರ್ವಾದದ ಸುತ್ತು ಅಂತ ಅದನ್ನು ಕುಡಿಯದೆ ಏಳುವುದಿಲ್ಲ. ನಡುವಿನ ಸುತ್ತಿಗೆ ತೆನಾ ಅದಾಮ್ ಅನ್ನುವ ಕಟು ವಾಸನೆಯ ಸೊಪ್ಪಿನ ಕಡ್ಡಿಯನ್ನು ಬಟ್ಟಲಿಗೆ ಅದ್ದಿದರು. ಸಕ್ಕರೆ ಕೇಳಿದವರಿಗೆ ಸಕ್ಕರೆ ಕೊಡುತ್ತಾರೆ, ಹಳ್ಳಿಗಳಲ್ಲಿ ಉಪ್ಪು ಹಾಕಿಕೊಳ್ಳುವವರೂ ಇದ್ದಾರೆ.

ಎಲ್ಲ ಮುಗಿಯುವ ಹೊತ್ತಿಗೆ ಎರಡು ಗಂಟೆ ಸರಿದಿತ್ತು. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರು ಬಂದರು, ಕೂತರು. ಈ ಸಲ ಹಣ್ಣಿಗೆ ಎಷ್ಟು ರೇಟು, ಮಳೆ ಯಾಕೆ ಹಿಂದೆ ಬಿತ್ತು, ಯಾರ ಮಗಳಿಗೆ ಮದುವೆ, ಎಲ್ಲ ಮಾತಾಯಿತು. ಕಾಫಿ ರೇಟಿನ ಮಾತು ಬಂದಾಗ ಅಕ್ಕ ಚಾಲಕನ ಮೂಲಕ ಸಕಲೇಶಪುರದ ಸುದ್ದಿ ಹೇಳಿದಳು. ಆನೆ ತೋಟಕ್ಕೆ ನುಗ್ಗುತ್ತದೆ ಅಂದಾಗ ಅವರು, ಇಲ್ಲಿ ಬಬೂನ್ ಕೋತಿಗಳ ಕಾಟ ಅಂದರು. ಈ ದೇಶ ತಾನು ಬೆಳೆದ ಕಾಫಿಯಲ್ಲಿ ಸುಮಾರು ಅರ್ಧವನ್ನು ತಾನೇ ಕುಡಿಯುತ್ತದೆ. ನಮ್ಮಲ್ಲಿ ಒಳ್ಳೆಯ ಬೀಜದ ಬಹುಪಾಲು ಹಡಗು ಹತ್ತುತ್ತದೆ. ಅವರನ್ನು ನೋಡಿ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಅಡಿಸ್‌ನ ಹೋಟೆಲುಗಳಲ್ಲಿ ಪ್ರವಾಸಿಗರಿಗೆ ಅಂತ ಹತ್ತೇ ನಿಮಿಷದಲ್ಲಿ ಈ ಸಮಾರಂಭ ಮಾಡಿ ತೋರಿಸುತ್ತಾರೆ. ಅದನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಯಾರದಾದರೂ ಮನೆಯಲ್ಲಿ ಮೂರನೇ ಸುತ್ತಿನವರೆಗೂ ಕೂತಿರಿ.

ಮಂಗಳವಾರ, ವೊಲ್ಕಿಟೆ

ಅಡಿಸ್‌ಗೆ ರಸ್ತೆಯಲ್ಲಿ ವಾಪಸ್. ಗಿಬೆ ನದಿಯ ಆಳದ ಕಣಿವೆ ಇಳಿದು ಹತ್ತಿದರೆ ಗುರಾಗೆ ಜನರ ಸೀಮೆ. ಮನೆ ಮನೆಯ ಹಿತ್ತಲಲ್ಲೂ ಬಾಳೆ ತೋಟ ಕಾಣುತ್ತದೆ, ಬಾಳೆಗೊನೆ ಮಾತ್ರ ಎಲ್ಲೂ ಇಲ್ಲ. ಅದು ಎನ್ಸೆಟ್. ಬಾಳೆಯ ಜಾತಿಯೇ, ಆದರೆ ತಿನ್ನುವುದು ದಿಂಡು, ಗೆಡ್ಡೆ. ಅವನ್ನು ಹೆರೆದು, ಎಲೆ ಹಾಸಿದ ಗುಂಡಿಯಲ್ಲಿ ಹೂತು ತಿಂಗಳುಗಟ್ಟಲೆ ಹುಳಿ ಬರಿಸುತ್ತಾರೆ. ಅದರ ರೊಟ್ಟಿ ಕೊಚೊ. ಸುಮಾರು 2 ಕೋಟಿ ಜನರಿಗೆ ಇದು ಆಸರೆಯ ಆಹಾರ. ಮಳೆ ಕೈಕೊಟ್ಟ ವರ್ಷವೂ ಎನ್ಸೆಟ್ ನಿಂತಿರುತ್ತದೆ, ಬೇಕಾದಾಗ ಕಡಿಯಬಹುದು.

ಕೊಚೊ ಜೊತೆಗೆ ಇಲ್ಲಿನ ಹೆಸರುವಾಸಿ ತಿನಿಸು ಕಿತ್ಫೊ. ಸಣ್ಣಗೆ ಕೊಚ್ಚಿದ ಹಸಿ ದನದ ಮಾಂಸಕ್ಕೆ ಮಿತ್ಮಿತಾ ಖಾರ, ಮಸಾಲೆ ತುಪ್ಪ. ನಾವು ದನದ ಮಾಂಸ ತಿನ್ನುವುದಿಲ್ಲ. ಚಾಲಕ ತೃಪ್ತಿಯಾಗಿ ತಿಂದರು. ತಿನ್ನುವವರು ಲೆಬ್‌ಲೆಬ್ ಅಂತ ಹೇಳಿ ಸ್ವಲ್ಪ ಬಿಸಿ ಮಾಡಿಸಿಕೊಳ್ಳಬಹುದು, ಪೂರ್ತಿ ಬೇಯಿಸಿಯೂ ಕೊಡುತ್ತಾರೆ. ಹಸಿ ಮಾಂಸದಿಂದ ಲಾಡಿಹುಳು ಬರುವ ಅಪಾಯ ನಿಜ. ನಮಗೆ ಕೊಚೊ, ಆಯಿಬ್ ಅನ್ನುವ ಪುಡಿ ಪುಡಿ ಗಿಣ್ಣು, ಸೊಪ್ಪು. ಕೊಚೊಗೆ ಬಲವಾದ ಹುಳಿ ವಾಸನೆ, ಅಗಿಯಲು ಗಟ್ಟಿ. ಆಯಿಬ್, ಸೊಪ್ಪು ಸೇರಿದಾಗ ಮಾತ್ರ ಅದರ ರುಚಿ ತೆರೆದುಕೊಳ್ಳುತ್ತದೆ.

ಬುಧವಾರ, ಮತ್ತೆ ಅಡಿಸ್

ವೊಲಿಸೊ ದಾಟಿದ ಮೇಲೆ ಬೆಚೊ ಬಯಲು. ಎರೆ ಮಣ್ಣು, ಕಣ್ಣು ಹಾಯುವಷ್ಟು ಟೆಫ್. ನಡುನಡುವೆ ಹಳದಿ ಹೂವಿನ ಹೊಲಗಳು. ಅಕ್ಕ ಕಾರು ನಿಲ್ಲಿಸಿದಳು. ಇಳಿದು ಒಂದು ಹೂ ಬಗ್ಗಿಸಿ ನೋಡಿ, "ಇದು ಹುಚ್ಚೆಳ್ಳು ಕಣೋ!" ಅಂದಳು. ಹುಚ್ಚೆಳ್ಳೇ. ಅಲ್ಲಿ ನೂಗ್. ಈ ಬೆಳೆಯ ತವರೂ ಇಥಿಯೋಪಿಯಾವೇ. ಉತ್ತರ ಕರ್ನಾಟಕದ ಗುರೆಳ್ಳು ಚಟ್ನಿ, ನಮ್ಮ ಹುಚ್ಚೆಳ್ಳು ಪುಡಿ ಎಲ್ಲದರ ಬೇರು ಈ ಎತ್ತರದ ನಾಡಿನಲ್ಲಿದೆ. ಉಪವಾಸದ ದಿನ ತುಪ್ಪ ಇಲ್ಲದಾಗ ಒಗ್ಗರಣೆಗೆ ಹಿಂದಿನಿಂದಲೂ ಬಂದದ್ದು ಇದರ ಎಣ್ಣೆ.

ವಿಮಾನ ರಾತ್ರಿಗಿತ್ತು. ಮೆರ್ಕಾಟೊದಲ್ಲಿ ಬೆರ್ಬೆರೆ, ಕೊರೆರಿಮಾ, ಹುರಿದ ಕಾಫಿ ಕೊಂಡೆವು. ಹಸಿ ಕಾಫಿ ಬೀಜ ತರಲು ಹೋಗಬೇಡಿ, ನಮ್ಮಲ್ಲಿ ಸಸ್ಯ ಕ್ವಾರಂಟೈನ್ ನಿಯಮ ಇದೆ, ರೋಗ ಜೊತೆಗೆ ಬಂದರೆ ತೋಟಗಳಿಗೇ ಕುತ್ತು. ಹಾಗೇ ಇಥಿಯೋಪಿಯಾದ ಕೆಲವು ಭಾಗಗಳಲ್ಲಿ ಗಲಾಟೆಗಳು ಆಗಾಗ ಇರುತ್ತವೆ. ರಸ್ತೆಯಲ್ಲಿ ಹೋಗುವುದಾದರೆ ಹಿಂದಿನ ದಿನವೇ ವಿಚಾರಿಸಿ ಹೊರಡಿ.

ಬುಧವಾರವಾದ್ದರಿಂದ ಮಧ್ಯಾಹ್ನ ಮತ್ತೆ ತ್ಸೋಮ್ ಊಟ. ಚಾಲಕನಿಗೆ ಗೊತ್ತಿದ್ದ ಸಣ್ಣ ಹೋಟೆಲು. ಅಲ್ಲಿ ನೂಗ್ ಫಿತ್‌ಫಿತ್ ಇತ್ತು. ಹುಚ್ಚೆಳ್ಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕಲಸಿ, ಸೋಸಿ, ಆ ಹಾಲಿಗೆ ಹಸಿಮೆಣಸಿನಕಾಯಿ ಹಾಕಿ ಇಂಜೆರಾ ಚೂರುಗಳನ್ನು ನೆನೆಸಿದ್ದರು. ತಣ್ಣಗೆ, ಎಣ್ಣೆಯ ಜಿಡ್ಡು ಹಿತವಾಗಿ, ಕೊನೆಗೆ ಹುಚ್ಚೆಳ್ಳಿನ ಸಣ್ಣ ಕಹಿ. ಅಡುಗೆ ಮಾಡಿದಾಕೆ ನಿಮ್ಮಲ್ಲಿ ಏನು ಮಾಡುತ್ತೀರಿ ಅಂತ ಕೇಳಿದರು. ಅಕ್ಕ ಹೇಳಿದಳು: ಹದವಾಗಿ ಹುರಿಯಬೇಕು, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಕೊಬ್ಬರಿ, ಹುಣಸೆಹಣ್ಣು, ಉಪ್ಪು, ಒಟ್ಟಿಗೆ ಕುಟ್ಟಿ ಪುಡಿ. ಸೋಸುವುದೇ ಇಲ್ಲವಾ ಅಂತ ಆಕೆಗೆ ಆಶ್ಚರ್ಯ. ಒಳಗೆ ಹೋಗಿ ಒಂದು ಬಟ್ಟಲು ಹುರಿದ ನೂಗ್ ತಂದು ಒರಳಿನ ಪಕ್ಕ ಇಟ್ಟರು. ಕೊಬ್ಬರಿ, ಹುಣಸೆ ಸಿಗಲಿಲ್ಲ. ಬೆಳ್ಳುಳ್ಳಿ, ಬೆರ್ಬೆರೆ, ಉಪ್ಪು ಹಾಕಿ ಅಕ್ಕ ಕುಟ್ಟಿಕೊಟ್ಟಳು. ಮೇಜಿನಿಂದ ಮೇಜಿಗೆ ಬಟ್ಟಲು ಹೋಯಿತು. ಇಂಜೆರಾದ ಜೊತೆ ಅದು ಬಹಳ ಚೆನ್ನಾಗಿ ಹೊಂದುತ್ತದೆ, ಮನೆಯಲ್ಲಿ ಟೆಫ್ ಸಿಕ್ಕದವರು ಹುಳಿ ದೋಸೆಗೆ ಹಚ್ಚಿಕೊಂಡು ನೋಡಿ.